ಕಾರಿನ ಮೈಮೇಲೆ ಸಾಸಿವೆಯಷ್ಟು ಗಾಯ

ನಮ್ಮ ಅಕ್ಕನ ಮನೆ ಆಲಮೇಲದಲ್ಲಿ. ಕಬ್ಬಿನ ಹಂಗಾಮಿನಲ್ಲಿ ಸಿಂದಗಿಯಿಂದ ಅಲ್ಲಿಗೆ ಕಾರಿನಲ್ಲಿ ಹೋಗಿಬಂದವರಿಗೆ ದಾರಿಯ ಪಾಡು ಗೊತ್ತೇ ಇದೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ನಾವು. ಅದರ ಗಾಲಿಯಿಂದ ಚಿಮ್ಮಿದ ಜಲ್ಲಿಕಲ್ಲು ಟಣ್ಣೆಂದು ಬಾನೆಟ್ಟಿಗೆ ಬಡಿದರೆ ನಮ್ಮ ಎದೆಗೇ ಬಡಿದಂತಾಗುತ್ತದೆ. ಇಳಿದು ನೋಡಿದರೆ ಸಾಸಿವೆಯಷ್ಟು ಬಣ್ಣ ಹಾರಿರುತ್ತದೆ.

‘ಇಷ್ಟಕ್ಕೇನು?’ ಎಂದು ನಾನೊಮ್ಮೆ ಸುಮ್ಮನಾದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಾಸಿವೆ ಕಡಲೆಯಾಯಿತು. ಸುತ್ತಲಿನ ಬಣ್ಣ ಉಬ್ಬಿತು. ಇಡೀ ಬಾನೆಟ್ಟಿಗೆ ಹೊಸ ಬಣ್ಣ ಹಾಕಿಸಬೇಕಾಗಿ ಬಂದು, ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದು ಪಾಲು ಅದಕ್ಕೇ ಹೋಯಿತು.

ಕಾರಣ ಸರಳ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಕೊನೆಗೆ ಹೊಳಪು ಕೊಡುವ ಪಾರದರ್ಶಕ ಲೇಪ. ಇವೆಲ್ಲ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್. ಕಲ್ಲು ಇದನ್ನು ಸೀಳಿದೊಡನೆ ನೀರು, ಗಾಳಿಗಳಿಗೆ ಬಾಗಿಲು ತೆರೆದಂತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಅಡಿಯಿಂದಲೇ ಎತ್ತುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಈ ಭಯವಿಲ್ಲ.

ಚಿಕ್ಕ ಗಾಯಕ್ಕೆ ಮನೆಯಲ್ಲೇ ಮದ್ದು ಮಾಡಬಹುದು. ಮೊದಲು ಬಣ್ಣದ ಸಂಕೇತಸಂಖ್ಯೆಯನ್ನು ಹುಡುಕಿರಿ. ಹಲವು ಕಾರುಗಳಲ್ಲಿ ಅದು ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ನಿನ ಬಳಿಯೋ ಇರುವ ಫಲಕದಲ್ಲಿರುತ್ತದೆ. ಬರಿಗಣ್ಣಿನಿಂದ ನೋಡಿ ‘ಬಿಳಿ’ ಎಂದು ಕೊಂಡರೆ ತೇಪೆ ಎದ್ದು ಕಾಣುತ್ತದೆ.

ಕೆಲಸಕ್ಕೆ ಬೆಳಗಿನ ನೆರಳೇ ಲೇಸು. ನಮ್ಮ ಕಡೆಯ ಬೇಸಗೆಯ ಬಿಸಿಲಿನಲ್ಲಿ ತಗಡು ಕಾದಿದ್ದರೆ ಬಣ್ಣ ಹರಡುವ ಮೊದಲೇ ಒಣಗಿಬಿಡುತ್ತದೆ. ಎರೆಮಣ್ಣಿನ ಧೂಳನ್ನು ಒಣಬಟ್ಟೆಯಿಂದ ಒರಸಬೇಡಿ, ಗೀರು ಬಿದ್ದೀತು. ಸಾಬೂನು ನೀರಿನಿಂದ ತೊಳೆದು, ಪೂರ್ಣ ಒಣಗಿಸಿರಿ. ತುಕ್ಕಿದ್ದರೆ ಸಣ್ಣ ಚೂರು ವಾಟರ್ ಪೇಪರಿನಿಂದ ಗಾಯದೊಳಗಷ್ಟೇ ಉಜ್ಜಿ, ಹೊಳೆಯುವ ಲೋಹ ಕಾಣುವಂತೆ ಮಾಡಿರಿ. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ!

ಲೋಹ ಕಂಡಿದ್ದರೆ ಮೊದಲು ಪ್ರೈಮರ್. ಒಣಗಿದ ಮೇಲೆ ಹಲ್ಲುಕಡ್ಡಿಯ ತುದಿಯಿಂದ ಬಣ್ಣದ ಒಂದು ಹನಿ ಗಾಯದ ನಡುವೆ ಇಳಿಸಿರಿ; ಅದು ತಾನೇ ಅಂಚಿಗೆ ಹರಿಯುತ್ತದೆ. ಒಮ್ಮೆಗೇ ತುಂಬದೆ, ಪ್ರತಿ ಸಲವೂ ಒಣಗಲು ಬಿಟ್ಟು, ಎರಡು ಮೂರು ತೆಳುಪದರ ಹಾಕಿರಿ. ಕೊನೆಯಲ್ಲಿ ಪಾರದರ್ಶಕ ಲೇಪದ ಹನಿ. ಎಷ್ಟು ಹೊತ್ತು ಕಾಯಬೇಕೆಂಬುದು ಬಾಟಲಿಯ ಮೇಲೆಯೇ ಬರೆದಿರುತ್ತದೆ. ಬೆಂಕಿಯಿಂದ ದೂರವಿರಲಿ, ಗಾಳಿಯಾಡುವ ಜಾಗವಿರಲಿ, ಮಕ್ಕಳ ಕೈಗೆ ಬಾಟಲಿ ಸಿಗದಿರಲಿ. ತಗಡು ತಗ್ಗಾಗಿದ್ದರೆ, ಇಲ್ಲವೆ ಬಣ್ಣ ಅಂಗೈಯಗಲ ಹೋಗಿದ್ದರೆ, ಅದು ಗ್ಯಾರೇಜಿನವರ ಕೆಲಸ.

ಈ ಸಲ ಮೂರು ಗಾಯಗಳಿಗೆ ನಾನೇ ವೈದ್ಯನಾದೆ. ಅಕ್ಕ ಬಗ್ಗಿ ನೋಡಿ, “ತಮ್ಮಾ, ಹತ್ತರ ನಿಂತು ನೋಡಿದ್ರ ಕಾಣಸ್ತೈತಿ” ಎಂದಳು.

“ಮಂದಿಗೆ ಕಂಡ್ರ ಕಾಣ್ಲಿ ಅಕ್ಕಾ, ನೀರಿಗೆ ಕಾಣದಿದ್ರ ಸಾಕು” ಎಂದೆ.