ಪೆಟ್ಟಿಗೆಗೆ ಬಿಲ್ಲಿದೆ, ಗೋಡೆಗಿಲ್ಲ

ಬೆಂಗಳೂರು ದಕ್ಷಿಣ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಬಿಡದಿಯವನು. ಕೇಬಲ್ ಎಳೆದು, ನೆಟ್‌ವರ್ಕ್ ರ‍್ಯಾಕ್ ಕೂರಿಸಿ ಹೊಟ್ಟೆ ಹೊರೆಯುವವನು. ನನ್ನ ಹೆಸರು ನಿಮಗೆ ಗೊತ್ತಿರಲಾರದು, ನನ್ನಂಥವರ ಕೆಲಸ ಮಾತ್ರ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಕಚೇರಿಯ ಮೂಲೆಯಲ್ಲೋ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲೋ, ಗ್ರಂಥಾಲಯದ ಬಾಗಿಲ ಪಕ್ಕದಲ್ಲೋ ಗೋಡೆಗೆ ನೇತುಬಿದ್ದ ಕಪ್ಪು ತಗಡಿನ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಒಳಗೆ ಮಿಣುಕುವ ಹಸಿರು ದೀಪ. ಅಂಥದೊಂದು ಪೆಟ್ಟಿಗೆ ಗೋಡೆ ಬಿಟ್ಟು ಬಿದ್ದ ಕಥೆ ಹೇಳಬೇಕಾಗಿದೆ. ಅದನ್ನು ಹಾಕಿದವನು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ. ಹಳೇ ಕಟ್ಟಡ. ರಾಮನಗರದ ಸೀಮೆಯಲ್ಲಿ ಕಲ್ಲಿಗೇನು ಬರ? ಸೈಜುಗಲ್ಲಿನ ಗೋಡೆ, ಸಂದಿಗೆ ಮಣ್ಣು, ಮೇಲೆ ಮುಕ್ಕಾಲು ಅಂಗುಲ ಸಿಮೆಂಟ್ ಗಾರೆ, ಅದರ ಮೇಲೆ ಸುಣ್ಣ. ನೋಡಿದವರಿಗೆ ಬಂಡೆಯಂಥ ಗೋಡೆ. ನಾನು ಕೊರೆದ ಮೊದಲ ತೂತು ಕಲ್ಲಿಗೆ ತಗುಲಿ ಡ್ರಿಲ್ ಜಾರಿತು. ಎರಡು ಅಂಗುಲ ಪಕ್ಕಕ್ಕೆ ಸರಿಸಿ ಒತ್ತಿದೆ. ಬೆಣ್ಣೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಅಲ್ಲಿದ್ದುದು ಸಂದಿನ ಮಣ್ಣು ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಸಂಜೆ ಐದಾಗಿತ್ತು, ಮಾರನೆಯ ದಿನ ಇನ್ನೆರಡು ಕಡೆ ಕೆಲಸ ಕಾದಿತ್ತು. ಪೆಟ್ಟಿಗೆಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಪ್ಲಗ್ಗನ್ನೇ ತುರುಕಿ, ಸ್ಕ್ರೂ ಬಿಗಿದು, ಫೋಟೊ ಕಳಿಸಿ ಬಸ್ಸು ಹಿಡಿದೆ. ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಆಮೇಲೆ ಯಾರೋ ಅದರೊಳಗೆ ಯುಪಿಎಸ್ ಇಟ್ಟರು. ಮಳೆಗಾಲದಲ್ಲಿ ಗೋಡೆ ನೆನೆಯಿತು. ಒಂದು ರಾತ್ರಿ ಪೆಟ್ಟಿಗೆ ಗಾರೆಯ ಸಮೇತ ಕೆಳಗೆ ಬಂತು. ಕೆಳಗಿದ್ದ ಬೆಂಚಿನ ಹಲಗೆ ಎರಡು ಹೋಳಾಗಿತ್ತು. ಹಗಲು ಹೊತ್ತು ಆ ಬೆಂಚಿನ ಮೇಲೆ ಮೂರು ಮಕ್ಕಳು ಕೂರುತ್ತಿದ್ದರು.

ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಒಂದು ಫರ್ಲಾಂಗು ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ಗೋಡೆಯ ಪೆಟ್ಟಿಗೆ ಚಾಚಿದ ಕೈಯಲ್ಲಿರುವ ಬಿಂದಿಗೆ. 9ಯು ಅಳತೆಯ ಪೆಟ್ಟಿಗೆ ಎಂದುಕೊಳ್ಳಿ. ಒಂದು ‘ಯು’ ಎಂದರೆ 44.45 ಮಿಲಿಮೀಟರ್ ಎತ್ತರ. ಸಾಮಾನೆಲ್ಲ ಸೇರಿ ತೂಕ 40 ಕೆಜಿ, ಆಳ 600 ಮಿಲಿಮೀಟರ್, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 400 ಮಿಲಿಮೀಟರ್. ತೂಕವೆಲ್ಲ ಗೋಡೆಯಿಂದ 300 ಮಿಲಿಮೀಟರ್ ಆಚೆ ತೂಗುತ್ತಿರುತ್ತದೆ. ಆಗ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 30 ಕೆಜಿ. ಕೆಳಕ್ಕೆ ಜಗ್ಗುವ 40 ಕೆಜಿ ಬೇರೆ. ಗಟ್ಟಿ ಕಾಂಕ್ರೀಟಿನಲ್ಲಿ ಸರಿಯಾಗಿ ಹಾಕಿದ ಬೋಲ್ಟಿಗೆ ಇದು ದೊಡ್ಡ ಭಾರವಲ್ಲ. ಒದ್ದೆ ಮಣ್ಣಿನಲ್ಲಿ ಕೂತ ಪ್ಲಾಸ್ಟಿಕ್ ಪ್ಲಗ್ಗಿಗೆ ಅದು ಹಗಲು ರಾತ್ರಿ ಬಿಡದ ಜಗ್ಗಾಟ.

ಹಾಗಾಗಿ ಮೊದಲು ನೋಡಬೇಕಾದ್ದು ಗೋಡೆಯನ್ನು. ಎಳನೀರಿನವನು ಕಾಯಿ ಬಡಿದು ಗಂಜಿಯೋ ನೀರೋ ಹೇಳುವ ಹಾಗೆ, ಬೆರಳ ಗೆಣ್ಣಿನಿಂದ ಬಡಿದರೆ ಗೋಡೆ ಅರ್ಧ ಗುಟ್ಟು ಹೇಳುತ್ತದೆ. ಉಳಿದರ್ಧ ಡ್ರಿಲ್ಲಿನ ಪುಡಿಯಲ್ಲಿರುತ್ತದೆ. ಕಾಂಕ್ರೀಟಾದರೆ ಉಕ್ಕಿನ ಆಂಕರ್ ಬೋಲ್ಟು. ಇಟ್ಟಿಗೆಯಾದರೆ ಗಾರೆ ದಾಟಿ ಇಟ್ಟಿಗೆಯ ನಡುವಿಗೇ ತೂತು ಬೀಳಬೇಕು, ಸಂದಿಗಲ್ಲ. ಈಚೆಗೆ ಎಲ್ಲೆಲ್ಲೂ ಬಂದಿರುವ ಹಾಲೋ ಬ್ಲಾಕು, ಹಗುರ ಬ್ಲಾಕುಗಳಲ್ಲಿ ಹಿಗ್ಗುವ ಬೋಲ್ಟು ಹಾಕಿದರೆ ಬ್ಲಾಕೇ ಬಿರಿಯುತ್ತದೆ. ಅಲ್ಲಿ ಕೆಮಿಕಲ್ ಆಂಕರ್ ಬೇಕು, ಇಲ್ಲವೇ ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಆರುಪಾರು ಬೋಲ್ಟು. ಮಣ್ಣಿನ ಸಂದಿಯ ಕಲ್ಲುಗೋಡೆಯಲ್ಲಿ ಕಲ್ಲಿನ ನಡುವಿಗೆ ತೂತು ಸಿಗದಿದ್ದರೆ ಹಟ ಬೇಡ. ಆಂಗಲ್ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಭಾರವನ್ನು ನೆಲಕ್ಕೆ ಕೊಡಬೇಕು. ಅಂದು ನಾನು ಮಾಡಬೇಕಿದ್ದುದು ಅದನ್ನೇ.

ಕೂರಿಸುವುದಕ್ಕೂ ಒಂದು ಕ್ರಮವಿದೆ. ನೆಲದ ಮೇಲೆ ರಟ್ಟು ಹಾಸಿ ಪೆಟ್ಟಿಗೆ ಜೋಡಿಸಬೇಕು. ಬಾಗಿಲು, ಪಕ್ಕದ ತಗಡು ಬಿಚ್ಚಿ ಹಗುರ ಮಾಡಿಕೊಳ್ಳಬೇಕು. ಕೊರೆಯುವ ಮುನ್ನ ಗೋಡೆಯೊಳಗೆ ಕರೆಂಟಿನ ಪೈಪು, ನೀರಿನ ಪೈಪು ಹೋಗಿದೆಯೇ ಎಂದು ಸ್ವಿಚ್ ಬೋರ್ಡು, ನಲ್ಲಿಗಳ ಜಾಡು ಹಿಡಿದು ನೋಡಬೇಕು. ರಸಮಟ್ಟ ಇಟ್ಟು ಗುರುತು ಹಾಕಿ, ಕಣ್ಣಿಗೆ ಕನ್ನಡಕ ಹಾಕಿ ಕೊರೆದು, ತೂತಿನ ಪುಡಿಯನ್ನೆಲ್ಲ ಊದಿ ತೆಗೆಯಬೇಕು. ಪುಡಿ ಉಳಿದರೆ ಬೋಲ್ಟು ಗೋಡೆಯನ್ನು ಹಿಡಿಯುವುದಿಲ್ಲ, ಪುಡಿಯನ್ನು ಹಿಡಿಯುತ್ತದೆ. ಎತ್ತುವಾಗ ಇಬ್ಬರು, ಅವರು ನಿಲ್ಲುವುದು ಏಣಿಯ ಮೇಲೆ. ಡೆಸ್ಕಿನ ಮೇಲೆ ಕುರ್ಚಿ ಇಟ್ಟು ನಿಂತ ಹುಡುಗರನ್ನು ನಾನು ಸಾಕಷ್ಟು ನೋಡಿದ್ದೇನೆ. ಖಾಲಿ ಪೆಟ್ಟಿಗೆ ನಿಂತ ಮೇಲೆ, ಒಳಗೆ ಬರಲಿರುವಷ್ಟೇ ತೂಕದ ಮರಳು ಚೀಲ ಇಟ್ಟು, ಯಾರೂ ಹತ್ತಿರ ಸುಳಿಯದ ಹಾಗೆ ಕೋಣೆಗೆ ಬೀಗ ಹಾಕಿ, ಒಂದು ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ಕೂದಲೆಳೆಯಷ್ಟೂ ಜರುಗದಿದ್ದರೆ ಆಮೇಲೆ ಸ್ವಿಚ್ಚು, ಪ್ಯಾಚ್ ಪ್ಯಾನೆಲ್ಲು. ಯುಪಿಎಸ್ಸಿನ ಬ್ಯಾಟರಿ ಗೋಡೆಯ ಪೆಟ್ಟಿಗೆಗೆ ಬೇಡವೇ ಬೇಡ, ಅದರ ಜಾಗ ನೆಲ.

ಇನ್ನು ಅರ್ಥಿಂಗ್. ಪೆಟ್ಟಿಗೆಯ ಬಾಗಿಲು, ಪಕ್ಕದ ತಗಡು, ಚೌಕಟ್ಟು ಎಲ್ಲವನ್ನೂ ಸೇರಿಸಲು ಹಸಿರು-ಹಳದಿ ವೈರು ಬೇಕು. ಎಷ್ಟೋ ಕಡೆ ಅದು ಬಿಚ್ಚದ ಪೊಟ್ಟಣದಲ್ಲೇ ಉಳಿದಿರುತ್ತದೆ. ಒಳಗಿನ ಒಂದು ವೈರು ಸವೆದು ತಗಡಿಗೆ ತಗುಲಿದರೆ ಬಾಗಿಲು ಮುಟ್ಟಿದ ಕೈಗೇ ಕರೆಂಟು. ಭರಣಿ ಮಳೆಯ ಸಿಡಿಲಿಗೆ ಹೊರಗಿನಿಂದ ಬಂದ ತಾಮ್ರದ ಕೇಬಲ್ಲು ಒಂದು ದಾರಿ. ಉಕ್ಕಿನ ಕವಚವಿರುವ ಫೈಬರ್ ಕೇಬಲ್ಲೂ ಅಷ್ಟೇ, ಗಾಜಿನ ಎಳೆಗೆ ಕರೆಂಟಿಲ್ಲ ಎಂದು ಕವಚವನ್ನು ಹಾಗೇ ಬಿಡುವಂತಿಲ್ಲ. ಇದಕ್ಕೆಲ್ಲ ಐಎಸ್ 3043 ಎಂಬ ಭಾರತೀಯ ಮಾನಕವೇ ಇದೆ. ಮಾಡಬೇಕಾದವನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ನನ್ನಂಥ ಕೇಬಲ್ಲಿನವನಲ್ಲ.

ಇಷ್ಟೆಲ್ಲ ಗೊತ್ತಿದ್ದವನು ಅಂದು ಯಾಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ತಪ್ಪು ನನ್ನದು, ಜಾರಿಸುವುದಿಲ್ಲ. ಆದರೆ ನಾನು ಇದೇ ಬಿಡದಿಯ ಕೈಗಾರಿಕಾ ಪ್ರದೇಶದಲ್ಲೂ ಕೆಲಸ ಮಾಡಿದವನು. 1999ರ ಕೊನೆಗೆ ಇಲ್ಲಿ ಕಾರು ತಯಾರಿ ಶುರುವಾದ ಮೇಲೆ ನಮ್ಮೂರಿಗೆ ಕೆಲಸದ ಜೊತೆ ಒಂದಿಷ್ಟು ಶಿಸ್ತೂ ಬಂತು. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಪರ್ಮಿಟ್ ಇಲ್ಲದೆ ನಾನು ಏಣಿ ಹತ್ತಿದವನಲ್ಲ, ಹೆಲ್ಮೆಟ್ ತೆಗೆದವನಲ್ಲ. ಗೇಟು ದಾಟಿ ಎರಡು ಕಿಲೋಮೀಟರು ಆಚೆಯ ಶಾಲೆಗೆ ಹೋದಾಗ ಅದೇ ಮನುಷ್ಯ, ಅದೇ ಡ್ರಿಲ್ಲು. ಅಲ್ಲಿ ಕೇಳುವವರಿದ್ದರು, ಇಲ್ಲಿ ಫೋಟೊ ಸಾಕಾಗಿತ್ತು. ನನ್ನ ಕೈಗೆ ಬಂದ ವರ್ಕ್ ಆರ್ಡರಿನಲ್ಲಿ ಪೆಟ್ಟಿಗೆಗೆ ಒಂದು ದರ, ಸ್ವಿಚ್ಚಿಗೆ ಒಂದು ದರ, ಕೇಬಲ್ಲಿಗೆ ಮೀಟರಿಗಿಷ್ಟು. ಗೋಡೆಗೆ ಒಂದು ಸಾಲೂ ಇರಲಿಲ್ಲ. ಕಾಸಿಲ್ಲದ ಕೆಲಸವನ್ನು ಸಂಜೆ ಐದರ ಮೇಲೆ ಮಾಡುವವರು ಕಡಿಮೆ.

ಹಳ್ಳಿಹಳ್ಳಿಯ ಪಂಚಾಯಿತಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2025ರಲ್ಲಿ ರಾಮನಗರವೆಂದಿದ್ದ ನಮ್ಮ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಗೋಡೆಗಳು ಮಾತ್ರ ಹಳೆಯವೇ. ಇನ್ನೂ ಶಾಲೆಗೆ, ಅಂಗನವಾಡಿಗೆ, ಆಸ್ಪತ್ರೆಗೆ ಪೆಟ್ಟಿಗೆಗಳು ಬರುತ್ತಲೇ ಇರುತ್ತವೆ. ಅದಕ್ಕೇ ನಿಮ್ಮಲ್ಲಿ ಮೂರು ಬೇಡಿಕೆ.

ಒಂದು, ಅಂದಾಜು ಪಟ್ಟಿಯಲ್ಲಿ ಗೋಡೆ ಪರೀಕ್ಷೆ, ಬೋಲ್ಟು, ಅರ್ಥಿಂಗ್ ಇವಕ್ಕೆ ಪ್ರತ್ಯೇಕ ಸಾಲು ಮತ್ತು ದರ ಇರಲಿ.

ಎರಡು, ಬಿಲ್ಲು ಪಾಸಾಗುವ ಮುನ್ನ ಒಂದು ಹಾಳೆ ಬೇಕು. ಗೋಡೆ ಯಾವುದು, ಬೋಲ್ಟು ಎಂಥದು, ತೂತಿನ ಆಳ ಎಷ್ಟು, ಒಳಗೆ ಎಷ್ಟು ಕೆಜಿ ಮೀರಬಾರದು, ಅರ್ಥಿಂಗ್ ನೋಡಿದವರು ಯಾರು ಎಂದು ಬರೆದು, ಹಾಕಿದವನೂ ಕಟ್ಟಡದ ಮುಖ್ಯಸ್ಥರೂ ಸಹಿ ಮಾಡಿ, ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಲಿ. ಫೋಟೊ ಬೇಕೇಬೇಕೆಂದರೆ ಪೆಟ್ಟಿಗೆ ಏರುವ ಮುನ್ನ, ಬರಿ ತೂತುಗಳದ್ದು ಕೇಳಿ.

ಮೂರು, ಈಗಾಗಲೇ ತೂಗುತ್ತಿರುವ ಪೆಟ್ಟಿಗೆಗಳನ್ನು ಮುಂದಿನ ಮಳೆಗಾಲದೊಳಗೆ ಒಂದು ಸುತ್ತು ನೋಡಿಸಿ. ಅಲ್ಲಿಯವರೆಗೆ ಅವುಗಳ ಕೆಳಗಿರುವ ಬೆಂಚನ್ನು ನಾಲ್ಕಡಿ ಆಚೆ ಎಳೆಯಲು ಹೇಳಿ. ಅದಕ್ಕೆ ಟೆಂಡರೂ ಬೇಡ, ಅನುದಾನವೂ ಬೇಡ.

ನಾನು ಹಾಕಿದ ಹಳೆಯ ಪೆಟ್ಟಿಗೆಗಳ ಸುತ್ತು ಶುರು ಮಾಡಿದ್ದೇನೆ. ಭಾನುವಾರಕ್ಕೊಂದು, ನನ್ನದೇ ಖರ್ಚು. ಸಡಿಲವಾಗಿದ್ದುದನ್ನು ಮೊದಲು ಇಳಿಸಿ ನೆಲಕ್ಕಿಡುತ್ತೇನೆ, ಅಲ್ಲಿಯವರಿಗೆ ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಕಚೇರಿಯಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ, ಈ ಪತ್ರ ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಅದರ ಪಕ್ಕದ ಗೋಡೆಯನ್ನು ಒಮ್ಮೆ ಗೆಣ್ಣಿನಿಂದ ಬಡಿದು ನೋಡಿ.

ಇಂತಿ,
ಬಿಡದಿಯ ಒಬ್ಬ ಕೇಬಲ್ ಕೆಲಸಗಾರ