ನೆಮೊ ಕೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿ

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಜೊತೆ ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಅವರ ಮಗಳ ಹುಟ್ಟುಹಬ್ಬಕ್ಕೆ ನೆಮೊ ಬೇಕಂತೆ. ಅದೇ, 2003ರ 'ಫೈಂಡಿಂಗ್ ನೆಮೊ' ಸಿನಿಮಾದ ಕಿತ್ತಳೆ ಮೈ, ಬಿಳಿ ಪಟ್ಟೆಯ ಕ್ಲೌನ್‌ಫಿಶ್. ಅಂಗಡಿಯಲ್ಲಿ ಎರಡು ತೊಟ್ಟಿ, ಎರಡು ರೇಟು. ಯಾಕೆ ಅಂತ ಕೇಳಿದ್ದಕ್ಕೆ ಅಂಗಡಿಯವರು, "ಇದು ಸಾಕಿದ್ದು ಸಾರ್, ಅದು ಸಮುದ್ರದಲ್ಲಿ ಹಿಡಿದಿದ್ದು. ಹಿಡಿದಿದ್ದನ್ನೇ ತಗೊಳ್ಳಿ, ರೇಟೂ ಕಮ್ಮಿ, ಕಲರೂ ಚೆನ್ನಾಗಿರತ್ತೆ" ಅಂದರು. ಸಹೋದ್ಯೋಗಿ ನನ್ನ ಕಡೆ ತಿರುಗಿ, "ನೀವು ಮನೇಲೇ ಮರಿ ಮಾಡ್ಸಿದೀರಲ್ಲ, ನೀವೇ ಹೇಳಿ. ಎರಡೂ ಒಂದೇ ತಾನೇ?" ಅಂದರು.

ಒಂದೇ ಅಲ್ಲ ಸ್ವಾಮಿ. ಅಂಗಡಿಯಲ್ಲಿ ನಿಂತು ಅರ್ಧಂಬರ್ಧ ಹೇಳಿದೆ. ಪೂರ್ತಿ ಇಲ್ಲಿ ಹೇಳ್ತೀನಿ.

ಮೊದಲು ಈ ಮೀನಿನ ಸಂಸಾರದ ವಿಷಯ. ಸಮುದ್ರದಲ್ಲಿ ಇದು ಅನಿಮೋನ್ ಅನ್ನೋ ಪ್ರಾಣಿಯ ಮಡಿಲಲ್ಲಿ ಬದುಕುತ್ತದೆ. ನೋಡಕ್ಕೆ ಹೂವು, ಮುಟ್ಟಿದರೆ ಕುಟುಕುತ್ತದೆ. ಒಂದು ಅನಿಮೋನಿಗೆ ಒಂದು ಪುಟ್ಟ ಗುಂಪು. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡ, ಉಳಿದವು ಸರದಿ ಕಾಯುವವು. ಎಲ್ಲವೂ ಹುಟ್ಟುವುದು ಗಂಡಾಗಿಯೇ. ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗುತ್ತಾನೆ! (ಆ ಲೆಕ್ಕದಲ್ಲಿ ಸಿನಿಮಾದ ಅಪ್ಪ ಅಮ್ಮನಾಗಬೇಕಿತ್ತು :-) ) ಅಂದರೆ ಒಂದು ಮನೆಗೆ ಮೊಟ್ಟೆ ಇಡುವವಳು ಒಬ್ಬಳೇ. ಅವಳನ್ನು ಎತ್ತಿಕೊಂಡು ಹೋದರೆ ಆ ಮನೆಯ ಸಂತಾನ ಅಷ್ಟು ಕಾಲ ನಿಂತಿತು. ಇಡೀ ಗುಂಪನ್ನೇ ಬಾಚಿದರೆ ಆ ಮನೆ ಖಾಲಿ.

"ಸಮುದ್ರ ದೊಡ್ಡದು, ಬೇರೆ ಕಡೆಯಿಂದ ಬರುತ್ತವೆ ಬಿಡಿ" ಅನ್ನೋರಿದ್ದಾರೆ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಪುಟ್ಟ ದ್ವೀಪವೊಂದರ ಸುತ್ತ ಬಂದು ನೆಲೆಸಿದ ಕ್ಲೌನ್‌ಫಿಶ್ ಮರಿಗಳಲ್ಲಿ ಶೇಕಡ 60ರಷ್ಟು ಅಲ್ಲೇ ಹುಟ್ಟಿದವಾಗಿದ್ದವು. ಸಮುದ್ರದಲ್ಲಿ ತೇಲಿ ಅಲೆದು ವಾಪಸು ತವರಿಗೇ ಬಂದಿದ್ದವು. ತವರನ್ನೇ ಖಾಲಿ ಮಾಡಿದರೆ ಬರೋದು ಯಾರು?

ಇನ್ನು ಹಿಡಿಯುವ ರೀತಿ. ಫಿಲಿಪೀನ್ಸ್‌ನಲ್ಲಿ 1960ರ ದಶಕದಲ್ಲಿ ಸೋಡಿಯಂ ಸಯನೈಡ್ ಬಳಕೆ ಶುರುವಾಯಿತು. ವಿಷದ ನೀರನ್ನು ಹವಳದ ಸಂದಿಗೆ ಚಿಮ್ಮಿಸುವುದು, ಮಂಪರು ಹತ್ತಿದ ಮೀನನ್ನು ಎತ್ತಿಕೊಳ್ಳುವುದು. ಮೀನು ಹೋಯಿತು, ಜೊತೆಗೆ ಹವಳವೂ ಹೋಯಿತು. ಹಿಡಿಯೋರೆಲ್ಲ ಹೀಗೇ ಮಾಡ್ತಾರೆ ಅಂತ ನಾನು ಹೇಳಲ್ಲ. ಕೈಬಲೆಯಲ್ಲಿ ನೋಡಿಕೊಂಡು ಹಿಡಿಯೋರೂ ಇದ್ದಾರೆ, ಅವರ ಜೊತೆ ನನಗೆ ಜಗಳವಿಲ್ಲ. ಆದರೆ ಅಂಗಡಿಯ ತೊಟ್ಟಿ ಮುಂದೆ ನಿಂತವನಿಗೆ ಯಾವುದು ಬಲೆಯದು, ಯಾವುದು ವಿಷದ್ದು ಅಂತ ಹೇಗೆ ಗೊತ್ತಾಗಬೇಕು? ದಾರಿಯಲ್ಲಿ ಸತ್ತ ಮೀನುಗಳ ಲೆಕ್ಕವನ್ನು ಯಾರೂ ಬಿಲ್ಲಿನಲ್ಲಿ ಬರೆದುಕೊಡಲ್ಲ. ರೇಟು ಕಮ್ಮಿ ಅಂತೆ, ರೇಟು!

ಈಗ ಅಸಲಿ ನೆಪಕ್ಕೆ ಬರೋಣ. "ಸಮುದ್ರದ ಮೀನು ಮನೇಲಿ ಮರಿ ಮಾಡಲ್ಲ, ಅದೆಲ್ಲ ವಿಜ್ಞಾನಿಗಳ ಕೆಲಸ." ಫ್ಲಾರಿಡಾದ ಮಾರ್ಟಿನ್ ಮೋ 1970ರ ದಶಕದಲ್ಲೇ ಮರಿ ಮಾಡಿಸಿ ಮಾರಿದರು. ನಮ್ಮಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನವನ್ನು ರೂಪಿಸಿ ಜನರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಮತ್ತೆ ನಾನು, ಎರಡು ಬೆಡ್‌ರೂಮಿನ ಬಾಡಿಗೆ ಮನೆಯ ಯುಟಿಲಿಟಿಯಲ್ಲಿ, ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರ ಕೂತು ಮಾಡಿದ್ದೇನೆ. ನನಗೆ ಡಾಕ್ಟರೇಟ್ ಇಲ್ಲ, ಬಕೆಟ್‌ಗಳಿವೆ.

ಸುಲಭ ಅಂತ ಬೂಸಿ ಬಿಡಲ್ಲ. ನನ್ನ ಮೊದಲ ಎರಡು ಸಲದ ಮರಿಗಳು ಪೂರ್ತಿ ಸತ್ತವು. ತಪ್ಪು ನನ್ನದೇ. ಜೋಡಿ ಮಾಡೋದು ಕಷ್ಟವಲ್ಲ. ಎರಡು ಚಿಕ್ಕ ಮೀನು ಒಟ್ಟಿಗೆ ಬಿಟ್ಟರೆ ಜೋರಿನದು ಬೆಳೆದು ಹೆಣ್ಣಾಗುತ್ತದೆ. ಅನಿಮೋನ್ ಕೂಡ ಬೇಕಾಗಿಲ್ಲ, ಒಂದು ಮಣ್ಣಿನ ಕುಂಡ ಸಾಕು. ನಮ್ಮ ಜೋಡಿ ಒಂದೂವರೆ ವರ್ಷ ಆದಮೇಲೆ ಕುಂಡದ ಒಳಮೈಗೆ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸಿತು. ಅಪ್ಪ ಹಗಲೆಲ್ಲ ರೆಕ್ಕೆಯಿಂದ ಗಾಳಿ ಬೀಸುತ್ತಾನೆ, ಕೆಟ್ಟ ಮೊಟ್ಟೆಯನ್ನು ತಾನೇ ತೆಗೆಯುತ್ತಾನೆ. ವಾರದಲ್ಲಿ ಮೊಟ್ಟೆಯೊಳಗೆ ಬೆಳ್ಳಿಯಂಥ ಕಣ್ಣು ಕಾಣುತ್ತದೆ. ಆಮೇಲೆ ಒಂದು ರಾತ್ರಿ, ದೀಪ ಆರಿದ ಮೇಲೆ, ಎಲ್ಲ ಒಡೆದು ಹೊರಗೆ ಬರುತ್ತವೆ. ಕೂದಲಿನ ಚೂರಿನಂಥ ಮರಿಗಳು.

ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅಭಿನಂದನೆಗಳ ಮಳೆ. ಮರಿಗಳಿಗೆ ಊಟ? ಒಣ ಪುಡಿ ಉದುರಿಸಿದೆ, ತಿನ್ನಲಿಲ್ಲ. ಮೂರನೇ ದಿನಕ್ಕೆ ಎಲ್ಲವೂ ತಳದಲ್ಲಿದ್ದವು. ಅಮ್ಮ ನೋಡಿ ಒಂದೇ ಮಾತು ಹೇಳಿದರು, "ಮನೇಲಿ ಅಕ್ಕಿ ಇಲ್ದೆ ನೆಂಟರನ್ನ ಕರೀತಾರೇನೋ?" ಎರಡನೇ ಸಲ ಆರ್ಟೀಮಿಯ ಮರಿ ಕೊಟ್ಟೆ. ಅದು ಅವುಗಳ ಬಾಯಿಗೆ ದೊಡ್ಡದು. ಮತ್ತದೇ ಕಥೆ.

ಮೊದಲ ದಿನಗಳಲ್ಲಿ ಅವಕ್ಕೆ ಬೇಕಾದದ್ದು ರೋಟಿಫರ್, ಕಣ್ಣಿಗೆ ಧೂಳಿನ ಚುಕ್ಕೆಯಂತೆ ಕಾಣುವ ಜೀವಿ. ಜೀವಂತವಾಗಿಯೇ ಕೊಡಬೇಕು. ರೋಟಿಫರ್‌ಗೆ ಹಸಿರು ಪಾಚಿ ನೀರು ಬೇಕು. ಇದು ಮೊಸರಿನ ಹೆಪ್ಪಿನ ಹಾಗೆ. ದಿನಾ ಸ್ವಲ್ಪ ತೆಗೆಯಬೇಕು, ಸ್ವಲ್ಪ ಉಳಿಸಬೇಕು, ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು ಬಕೆಟ್ ಬೇರೆ ಇಟ್ಟಿರಬೇಕು. ಮೊಟ್ಟೆ ಇಟ್ಟಮೇಲೆ ಹೆಪ್ಪು ಹುಡುಕಿದರೆ ಆಗಲ್ಲ, ಮೊದಲೇ ಇರಬೇಕು. ಮೂರನೇ ಸಲ ಹಾಗೇ ಮಾಡಿದೆ. ಕರೆಂಟು ಹೋದರೆ ಗಾಳಿ ನಿಲ್ಲಬಾರದು ಅಂತ ಬ್ಯಾಟರಿ ಪಂಪು. ಅಮೋನಿಯ ಏರದ ಹಾಗೆ ದಿನಾ ನಿಧಾನವಾಗಿ ನೀರು ಬದಲು. ಒಂದು ವಾರ ಆದಮೇಲೆ ಆರ್ಟೀಮಿಯ. ಹತ್ತನೇ ದಿನದ ಹೊತ್ತಿಗೆ ತೊಟ್ಟಿಯ ತಳದ ಹತ್ತಿರ ಒಂದು ಮರಿ, ತಲೆಯ ಹಿಂದೆ ಬಿಳಿ ಗೆರೆ. ಬೆಳಿಗ್ಗೆ ಐದೂವರೆಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಬೈಸಿಕೊಂಡೆ. ಕೊನೆಗೆ ಉಳಿದದ್ದು ನಲವತ್ತೊಂದು.

ನೂರಾರು ಮೊಟ್ಟೆಗೆ ನಲವತ್ತೊಂದೇ ಅಂತ ನಗಬೇಡಿ. ಅವು ಸಮುದ್ರದಿಂದ ಎತ್ತದ ನಲವತ್ತೊಂದು ಮೀನುಗಳು. ಹುಟ್ಟಿದಾಗಿನಿಂದ ತೊಟ್ಟಿಯ ನೀರು ಕಂಡವು, ಕಾಳು ತಿನ್ನಲು ಕಲಿತವು. ಹಿಡಿದು ತಂದ ಮೀನಿನ ಹಾಗೆ ಮೂಲೆಯಲ್ಲಿ ಉಪವಾಸ ಕೂರಲ್ಲ.

"ಹಾಗಾದ್ರೆ ಮೀನು ಹಿಡಿಯೋರ ಹೊಟ್ಟೆಪಾಡು?" ಇದು ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ಕೂತ ನನಗಿಂತ ಕಡಲ ದಂಡೆಯವರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ, ಸಮುದ್ರದ ನೀರು ಬಾಗಿಲಲ್ಲೇ ಇದೆ. ನನಗೆ ಉಪ್ಪಿನ ಪ್ಯಾಕೆಟ್ ಕೊಂಡು ಲೀಟರಿಗೆ 35 ಗ್ರಾಮಿನಂತೆ ಕಲಸುವ ಕರ್ಮ! ಆದರೆ ಅವರು ಸಾಕಿದ್ದನ್ನು ನಾವು ಕೊಳ್ಳದೆ, ಕಮ್ಮಿ ರೇಟಿನ ಹಿಡಿದ ಮೀನನ್ನೇ ಕೇಳಿದರೆ ಯಾರು ಸಾಕುತ್ತಾರೆ? ಹಾಗೇ, "ಮರಿ ಮಾಡಿ ಲಕ್ಷ ಗಳಿಸಿ" ಅನ್ನೋರನ್ನೂ ನಂಬಬೇಡಿ. ನನ್ನ ಉಪ್ಪು, ಕರೆಂಟಿನ ಖರ್ಚೇ ಇನ್ನೂ ಹುಟ್ಟಿಲ್ಲ. ಮತ್ತೆ ಪುಣ್ಯ ಬರತ್ತೆ ಅಂತ ಮರಿಗಳನ್ನು ಸಮುದ್ರಕ್ಕೆ ಬಿಡಲೂ ಬೇಡಿ, ತೊಟ್ಟಿಯ ರೋಗ ಅಲ್ಲಿಗೆ ಹೋಗುತ್ತದೆ.

ನಾನು ಕೇಳೋದು ಇಷ್ಟೇ. ಎಲ್ಲರೂ ಮರಿ ಮಾಡಿಸಬೇಕಿಲ್ಲ. ಅಂಗಡಿಗೆ ಹೋದಾಗ "ಹಿಡಿದಿದ್ದೋ, ಸಾಕಿದ್ದೋ?" ಅಂತ ಕೇಳಿ. ಹಿಡಿದಿದ್ದು ಅಂದರೆ ವಾಪಸ್ ಬನ್ನಿ. ಹತ್ತು ಜನ ವಾಪಸ್ ಬಂದರೆ ಹನ್ನೊಂದನೆಯವರಿಗೆ ಅಂಗಡಿಯವರೇ ಬೇರೆ ತೊಟ್ಟಿ ತೋರಿಸುತ್ತಾರೆ.

ಅಂದಹಾಗೆ, ಸಹೋದ್ಯೋಗಿ ಆ ದಿನ ಮೀನು ಕೊಳ್ಳಲಿಲ್ಲ. ಅವರ ಮನೆಯಲ್ಲಿ ತೊಟ್ಟಿಯೇ ಇರಲಿಲ್ಲ! ಹುಟ್ಟುಹಬ್ಬಕ್ಕೆ ಸೈಕಲ್ ಆಯಿತು. ಈಗ ತೊಟ್ಟಿಗೆ ಉಪ್ಪು ನೀರು ತುಂಬಿ ಒಂದು ತಿಂಗಳಾಯಿತು, ನೀರು ಹದಕ್ಕೆ ಬಂದಿದೆ. ಮುಂದಿನ ಶನಿವಾರ ನಲವತ್ತೊಂದರಲ್ಲಿ ಎರಡು ಅವರ ಮನೆಗೆ ಹೋಗುತ್ತವೆ. ಹೆಸರು ನೆಮೊ ಅಲ್ಲವಂತೆ. ಒಂದು ಪುಟ್ಟಿ, ಇನ್ನೊಂದು ಕಿಟ್ಟಿ. ಯಾವುದು ಹೆಣ್ಣಾಗುತ್ತದೋ ಅವೇ ತೀರ್ಮಾನ ಮಾಡಲಿ ಅಂದಿದ್ದೇನೆ :-)

ನೀವೇನಂತೀರಿ?