ಎಲ್ಲವೂ ನಾಟಕವೆಂಬ ಸೋಮಾರಿ ಮಾತು

ಮೊನ್ನೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕಾಫಿ ಕುಡಿಯುತ್ತ ನಗುನಗುತ್ತಲೇ ಕೇಳಿದ: "ಸಾರ್, ಒಂಬತ್ತನೇ ತರಗತಿಯಲ್ಲಿ ನೀವು ನನ್ನ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡುಗಳನ್ನು ಕಿತ್ತುಕೊಂಡು, 'ಅಲ್ಲಿ ಹೊಡೆದಾಟವೂ ಸುಳ್ಳು, ಕೂಗುವ ಜನರೂ ಸುಳ್ಳು, ಎಲ್ಲರೂ ಕೂಲಿಗೆ ಬಂದವರು' ಅಂದಿದ್ದಿರಿ. ಇಡೀ ತರಗತಿ ನಕ್ಕಿತ್ತು. ಅದು ನಿಜವೇ ಸಾರ್?" ನಾನು ತಕ್ಷಣ ಉತ್ತರಿಸಲಾರದೆ ಹೋದೆ. ಆ ಮಾತನ್ನು ಆಡಿದ ದಿನದವರೆಗೆ ನಾನು ಅಂಥ ಒಂದು ಪಂದ್ಯವನ್ನೂ ಪೂರ್ತಿಯಾಗಿ ನೋಡಿದವನಲ್ಲ. ತಿಳಿಯದ ವಿಷಯದ ಮೇಲೆ ತೀರ್ಪು ಕೊಟ್ಟಿದ್ದೆ. ಮೇಷ್ಟ್ರ ಕುರ್ಚಿಯ ಬಲ ಅಂಥದು. ಆ ತಪ್ಪನ್ನು ಇಂದು ತಿದ್ದಿಕೊಳ್ಳುತ್ತಿದ್ದೇನೆ.

ಮೊದಲಿಗೆ, ಒಪ್ಪಬೇಕಾದುದನ್ನು ಒಪ್ಪೋಣ. ಅಮೆರಿಕದ ಈ ಕುಸ್ತಿಯಲ್ಲಿ ಸೋಲು-ಗೆಲುವು ಮೊದಲೇ ನಿಶ್ಚಿತವಾಗಿರುತ್ತದೆ. ಇದು ಗುಟ್ಟೇನೂ ಅಲ್ಲ. 1989ರಲ್ಲಿ ಆ ಸಂಸ್ಥೆಯೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಅದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡಾ ಆಯೋಗದ ನಿಯಂತ್ರಣದಿಂದ ಪಾರಾಗುವ ಸಲುವಾಗಿ.

ಇನ್ನು, ಪ್ರೇಕ್ಷಕರ ಸಾಲಿನಿಂದ ಎದ್ದು ಕಣಕ್ಕೆ ಇಳಿಯುವವರ ವಿಷಯ. 2007ರ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನದಲ್ಲಿ ಸಂಸ್ಥೆಯ ಒಡೆಯ ವಿನ್ಸ್ ಮೆಕ್‌ಮಹೊನ್, ಗ್ಯಾಲರಿಯಲ್ಲಿದ್ದ 'ಸ್ಥಳೀಯ ಅಭಿಮಾನಿ'ಯೊಬ್ಬನನ್ನು ಕರೆದು ಉಮಾಗಾ ಎಂಬ ದೈತ್ಯನ ಎದುರು ನಿಲ್ಲಿಸಿದರು. ಆತ ಗೆದ್ದು ಚಾಂಪಿಯನ್ ಪಟ್ಟವನ್ನೇ ಪಡೆದ. ಅವನೇ ಸ್ಯಾಂಟಿನೊ ಮರೆಲ್ಲಾ. ಆದರೆ ಅವನು ಕೆನಡಾದವನು, ಅದೇ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಪಳಗಿದ ಮಲ್ಲ. 2018ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ರೆಸಲ್‌ಮೇನಿಯಾದಲ್ಲಿ ಬ್ರಾನ್ ಸ್ಟ್ರೋಮನ್ ಎಂಬ ಭೀಮಕಾಯನು ಪ್ರೇಕ್ಷಕರ ನಡುವಿನಿಂದ ಹತ್ತು ವರ್ಷದ ಹುಡುಗನನ್ನು ತನ್ನ ಜೊತೆಗಾರನಾಗಿ ಆರಿಸಿಕೊಂಡ. ಆ ಹುಡುಗ ಅದೇ ಸಂಸ್ಥೆಯ ರೆಫರಿಯೊಬ್ಬರ ಮಗ. ಇದರಲ್ಲಿ ಆಶ್ಚರ್ಯವೇನಿದೆ? ಬೀಳುವ ವಿದ್ಯೆ ಕಲಿಯದ ಅಪರಿಚಿತನನ್ನು ಕಣಕ್ಕೆ ಇಳಿಸಿ ಕತ್ತು ಮುರಿದರೆ ಹೊಣೆ ಯಾರು? ಆದ್ದರಿಂದ, ಕಥೆಯ ಭಾಗವಾಗಿ ಕಣಕ್ಕೆ ಬರುವ 'ಪ್ರೇಕ್ಷಕ'ನು ಸಾಮಾನ್ಯವಾಗಿ ಪಾತ್ರಧಾರಿಯೇ. ಇಲ್ಲಿಯವರೆಗೆ ನನ್ನ ಹಳೆಯ ಮಾತು ಸರಿ.

ಆದರೆ ಇಲ್ಲಿಂದ ಮುಂದಕ್ಕೆ ಅದು ಶುದ್ಧ ತಪ್ಪು. ಹಣ ಕೊಟ್ಟು ಟಿಕೆಟು ಕೊಂಡು ಬಂದ ಹತ್ತಾರು ಸಾವಿರ ಜನರ ಕೂಗನ್ನು ಯಾರು ಬರೆದುಕೊಡಬಲ್ಲರು? 2014ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಬಟಿಸ್ಟಾ ಎಂಬಾತನನ್ನು ಸಂಸ್ಥೆ ಗೆಲ್ಲಿಸಿ ನಾಯಕನಾಗಿ ಮೆರೆಸಲು ಹೊರಟಾಗ ಸಭೆ ಮೆಚ್ಚಲಿಲ್ಲ, ಧಿಕ್ಕಾರ ಕೂಗಿತು. ಜನ ಕೇಳುತ್ತಿದ್ದುದು ಡೇನಿಯಲ್ ಬ್ರಯಾನ್ ಎಂಬ ಗಿಡ್ಡ ಮಲ್ಲನನ್ನು. ಕೊನೆಗೆ ಸಂಸ್ಥೆಯೇ ಮಣಿಯಿತು. ಏಪ್ರಿಲ್ 6ರಂದು ರೆಸಲ್‌ಮೇನಿಯಾದ ಕೊನೆಯ ಪಂದ್ಯಕ್ಕೆ ಅವನನ್ನು ಸೇರಿಸಿ, ಅವನಿಗೇ ಪಟ್ಟ ಕಟ್ಟಿತು. ನಾಟಕವನ್ನು ಬರೆದವರು ಒಡೆಯರೇ ಇರಬಹುದು. ಅದನ್ನು ತಿದ್ದಿಸಿದವರು ಗ್ಯಾಲರಿಯವರು.

ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ಕೊರೋನಾ ಒದಗಿಸಿತು. 2020ರ ಮಾರ್ಚ್‌ನಿಂದ ಖಾಲಿ ಅಂಗಳದಲ್ಲಿ ಪ್ರದರ್ಶನ ನಡೆದಾಗ ಅದೇ ಮಲ್ಲರು, ಅದೇ ಪಟ್ಟುಗಳು ನೀರಸವಾಗಿ ಕಂಡವು. ಆಗಸ್ಟ್‌ನಿಂದ ಎಲ್‌ಇಡಿ ಪರದೆಗಳ ಮೇಲೆ ಮನೆಯಲ್ಲಿ ಕುಳಿತ ಅಭಿಮಾನಿಗಳ ಮುಖಗಳನ್ನು ತೋರಿಸಿ, ಧ್ವನಿಮುದ್ರಿತ ಕೂಗನ್ನು ತುಂಬಿದರು. 2021ರ ಜುಲೈನಲ್ಲಿ ಹ್ಯೂಸ್ಟನ್‌ನಲ್ಲಿ ಜನ ಮರಳಿ ಬಂದಾಗಲೇ ಅದಕ್ಕೆ ಜೀವ ಬಂದದ್ದು. ಕೂಗು ಕೂಲಿಯದೇ ಆಗಿದ್ದರೆ ಇಷ್ಟೆಲ್ಲ ಪಡಿಪಾಟಲು ಬೇಕಿತ್ತೆ?

"ನಾಟಕವೆಂದು ತಿಳಿದೂ ಕೂಗುವವರು ಮೂರ್ಖರಲ್ಲವೆ?" ಎಂದು ನೀವು ಕೇಳಬಹುದು. ನಮ್ಮ ಕಂಪನಿ ನಾಟಕಗಳನ್ನು ನೆನೆಯಿರಿ. 'ವನ್ಸ್ ಮೋರ್' ಎಂದು ಸಭೆ ಕೂಗಿದರೆ ನಟನು ಹಾಡನ್ನು ಮತ್ತೆ ಹಾಡಬೇಕಿತ್ತು. ರಂಗದ ಮೇಲಿರುವವನು ನಿಜವಾದ ಹರಿಶ್ಚಂದ್ರನಲ್ಲವೆಂಬುದು ಆ ಪ್ರೇಕ್ಷಕರಿಗೆ ತಿಳಿದಿರಲಿಲ್ಲವೆ? ರಾಜ ಸುಳ್ಳು, ಆದರೆ ವನ್ಸ್ ಮೋರ್ ನಿಜ. ನಮ್ಮ ಅಜ್ಜಂದಿರನ್ನು ರಸಿಕರೆಂದು ಹೊಗಳುವ ನಾವು ಅಮೆರಿಕದ ಪ್ರೇಕ್ಷಕನನ್ನು ಮಾತ್ರ ಮೂರ್ಖನೆನ್ನುವುದು ಯಾವ ನ್ಯಾಯ?

ಸಂಸ್ಥೆಯನ್ನು ನಾನು ಸಮರ್ಥಿಸುತ್ತಿಲ್ಲ. ನಿಜ-ನಾಟಕಗಳ ಗೆರೆಯನ್ನು ಅಳಿಸಿ ಹಣ ಮಾಡುವವರು ಅದರ ಪಾಪವನ್ನೂ ಹೊರಬೇಕು. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಎಂಬ ಮಲ್ಲ ಛಾವಣಿಯಿಂದ ಹಗ್ಗದಲ್ಲಿ ಇಳಿಯುವಾಗ ಬಿದ್ದು ಸತ್ತ. ಇದು ಪ್ರದರ್ಶನದ ಭಾಗವಲ್ಲವೆಂದು ವೀಕ್ಷಕವಿವರಣೆಕಾರನು ಟಿವಿ ನೋಡುವವರಿಗೆ ಬಿಡಿಸಿ ಹೇಳಬೇಕಾಯಿತು. ಅಂಗಳದಲ್ಲಿದ್ದ ಜನರಿಗೆ ಸಾವಿನ ಸುದ್ದಿಯನ್ನೇ ತಿಳಿಸದೆ ಪ್ರದರ್ಶನ ಮುಂದುವರಿಸಿದರು. 2019ರಲ್ಲಿ ಅವನ ಅಣ್ಣ ಬ್ರೆಟ್ ಹಾರ್ಟ್ ಬ್ರೂಕ್ಲಿನ್‌ನ ಸನ್ಮಾನ ವೇದಿಕೆಯಲ್ಲಿ ಮಾತನಾಡುತ್ತಿದ್ದಾಗ ಪ್ರೇಕ್ಷಕನೊಬ್ಬ ನುಗ್ಗಿ ಕೆಡವಿದ. ಅದೂ ನಾಟಕವಲ್ಲ.

ಆದ್ದರಿಂದಲೇ ಹೇಳುತ್ತೇನೆ: 'ಎಲ್ಲವೂ ನಿಜ' ಎನ್ನುವವನು ಮುಗ್ಧ, 'ಎಲ್ಲವೂ ನಾಟಕ' ಎನ್ನುವವನು ಸೋಮಾರಿ. ಮುಗ್ಧನು ಮುಂದೆಂದಾದರೂ ಕಲಿಯಬಹುದು. ಸೋಮಾರಿಗೆ ಕಲಿಯುವುದು ಬೇಕಿಲ್ಲ, ಏಕೆಂದರೆ ಎಲ್ಲವೂ ತನಗೆ ತಿಳಿದಿದೆಯೆಂದು ಅವನು ನಂಬಿದ್ದಾನೆ. ಎಲ್ಲವನ್ನೂ ನಾಟಕವೆಂದು ನಗುವವನು ಕಣ್ಣೆದುರು ಒಬ್ಬ ಸತ್ತರೂ ನಗುತ್ತಲೇ ಇರುತ್ತಾನೆ. ಯಾವುದು ಎಷ್ಟರಮಟ್ಟಿಗೆ ನಿಜ ಎಂದು ಬಿಡಿಸಿ ನೋಡುವುದನ್ನು ಕಲಿಸಬೇಕಾದ ನಾನೇ ಅಂದು ಆ ಸೋಮಾರಿಯಾಗಿದ್ದೆ.

ಆ ಕಾರ್ಡುಗಳು ಎಲ್ಲಿ ಹೋದವೋ, ಹಿಂದಿರುಗಿಸಲು ನನ್ನ ಬಳಿ ಇಲ್ಲ. ಅಂದು ತಲೆತಗ್ಗಿಸಿ ನಿಂತ ಹುಡುಗನಲ್ಲಿ ಕ್ಷಮೆ ಕೇಳಿದ್ದೇನೆ. ಅಂದು ನಕ್ಕವರೂ ಇದನ್ನು ಓದುತ್ತಿರಬಹುದು. ಅವರಿಗೂ ತಿಳಿಯಲಿ: ಅಂದು ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ತಪ್ಪಿತ್ತು.